ಮುಟ್ಟು ಮುಂದೆ ಹೋದಾಗ: ಪಿಸಿಓಎಸ್ ಕುರಿತು ತಾಯಂದಿರೂ ಹೆಣ್ಣುಮಕ್ಕಳೂ ಅರಿಯಬೇಕಾದುದು

ಮದುವೆಯ ಮಾತುಕತೆಗಳು ನಡೆಯುವ ದಿನಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವ ಕೆಲವು ತಾಯಂದಿರು ಸರದಿ ಬಂದರೂ ಒಳಗೆ ಬರುವುದಿಲ್ಲ. ಉಳಿದವರೆಲ್ಲ ಹೋಗಲಿ ಎಂದು ಕಾಯುತ್ತಾರೆ. ಆಮೇಲೆ ಮಗಳನ್ನು ಮುಂದೆ ಮಾಡಿಕೊಂಡು ಬಂದು, ಕೈಚೀಲದ ತಳದಿಂದ ಸ್ಕ್ಯಾನಿಂಗ್ ವರದಿಯನ್ನು ತೆಗೆದು ಮೇಜಿನ ಮೇಲಿಡುತ್ತಾರೆ. ಹಾಗೆ ಬಂದ ಒಬ್ಬ ತಾಯಿಯ ಮಗಳಿಗೆ ಹತ್ತೊಂಬತ್ತು ವರ್ಷ. ಮುಟ್ಟು ನಾಲ್ಕು ತಿಂಗಳಿಂದ ಆಗಿರಲಿಲ್ಲ. ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ತಾಯಿ ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರೇ, ಇದನ್ನ ಬೀಗರ ಮನ್ಯಾಗ ಹೇಳಬೇಕೋ ಬ್ಯಾಡೋ?"

ಮಗಳ ದೇಹಕ್ಕೆ ಏನಾಗಿದೆ ಎಂಬುದು ಆ ತಾಯಿಯ ಎರಡನೆಯ ಪ್ರಶ್ನೆಯಾಗಿತ್ತು. ಇದು ಅವರ ತಪ್ಪಲ್ಲ. ಮುಟ್ಟಿನ ವಿಷಯವನ್ನು ಪಿಸುಮಾತಿನಲ್ಲಿಯೇ ಆಡಬೇಕು ಎಂದು ಕಲಿಸಿದ ಸಮಾಜ ನಮ್ಮದು. ಆದರೆ ಬಸವಾದಿ ಶರಣರ ದಾರಿಯಲ್ಲಿ ನಡೆಯುವವರು ಎಂದು ಹೇಳಿಕೊಳ್ಳುವ ನಮಗೆ ಈ ಪಿಸುಮಾತು ಸಲ್ಲದು. 12ನೆಯ ಶತಮಾನದಲ್ಲಿಯೇ ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಮುಟ್ಟಾದ ಹೆಣ್ಣುಮಗಳು ಇಷ್ಟಲಿಂಗ ಪೂಜೆಗೆ ಅನರ್ಹಳಲ್ಲ ಎಂದ ಪರಂಪರೆ ಇದು. ಪೂಜೆಗೇ ಅಡ್ಡಿಯಾಗದ ಸಂಗತಿ ಮನೆಯ ಮಾತುಕತೆಗೆ ಏಕೆ ಅಡ್ಡಿಯಾಗಬೇಕು? ಆದುದರಿಂದ ಈ ತಿಂಗಳು ನಾವು ಪಿಸಿಓಎಸ್ ಅಥವಾ ಜನರ ಬಾಯಲ್ಲಿ ಪಿಸಿಓಡಿ ಎನಿಸಿಕೊಂಡಿರುವ ತೊಂದರೆಯ ಕುರಿತು ಮರೆಮಾಚದೆ ಬರೆಯುತ್ತಿದ್ದೇವೆ.

ಏನಿದು ಪಿಸಿಓಎಸ್?

1935ರಲ್ಲಿ ಅಮೆರಿಕದ ಶಿಕಾಗೋ ನಗರದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಸ್ತ್ರೀಯರಲ್ಲಿ ಈ ತೊಂದರೆಯನ್ನು ಗುರುತಿಸಿ ವಿವರಿಸಿದರು. ಹೆರಿಗೆಯ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜುಗಳು ತಿಳಿಸುತ್ತವೆ. ಇವರಲ್ಲಿ ಹಲವರಿಗೆ ತಮಗೆ ಈ ತೊಂದರೆ ಇದೆ ಎಂಬುದೇ ತಿಳಿದಿರುವುದಿಲ್ಲ.

ಹೆಸರಿನಿಂದಲೇ ಒಂದು ತಪ್ಪು ಕಲ್ಪನೆ ಹುಟ್ಟಿದೆ. 'ಅಂಡಾಶಯದಲ್ಲಿ ನೀರಿನ ಗುಳ್ಳೆಗಳಾಗಿವೆ, ಅವನ್ನು ಕರಗಿಸಬೇಕು' ಎಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವದಲ್ಲಿ ಅವು ರೋಗದ ಗುಳ್ಳೆಗಳಲ್ಲ. ಪ್ರತಿಯೊಬ್ಬ ಹೆಣ್ಣುಮಗಳ ಅಂಡಾಶಯದಲ್ಲಿಯೂ ಅಂಡವನ್ನು ಒಡಲಲ್ಲಿಟ್ಟುಕೊಂಡ ಸಣ್ಣ ಸಣ್ಣ ಕೋಶಗಳಿರುತ್ತವೆ. ತಿಂಗಳು ತಿಂಗಳೂ ಅವುಗಳಲ್ಲಿ ಕೆಲವು ಬೆಳೆಯತೊಡಗಿ, ಒಂದು ಪೂರ್ಣವಾಗಿ ಬೆಳೆದು ಒಡೆದು ಅಂಡವನ್ನು ಹೊರಬಿಡುತ್ತದೆ. ಪಿಸಿಓಎಸ್‌ನಲ್ಲಿ ಅವು ಅರ್ಧದಲ್ಲಿಯೇ ಬೆಳವಣಿಗೆ ನಿಲ್ಲಿಸುತ್ತವೆ. ಹಾಗೆ ನಿಂತುಹೋದ, 2ರಿಂದ 9 ಮಿಲಿಮೀಟರ್ ಗಾತ್ರದ ಹಲವು ಕೋಶಗಳು ಸ್ಕ್ಯಾನಿಂಗ್‌ನಲ್ಲಿ ಸಾಲಾಗಿ ಕಾಣುತ್ತವೆ. ಕದಿರು ಬಿಟ್ಟೂ ಕಾಳು ಕಟ್ಟದ ಬೆಳೆಯಂತೆ ಇವು ಎನ್ನಬಹುದು. ಕಾಳು ಕಟ್ಟಲಿಲ್ಲವೆಂದು ರೈತನು ಕದಿರನ್ನು ಕಿತ್ತೆಸೆಯುವುದಿಲ್ಲ. ಹೊಲಕ್ಕೆ ಏನಾಗಿದೆ ಎಂದು ನೋಡುತ್ತಾನೆ. ನಾವೂ ಗುಳ್ಳೆಗಳನ್ನು ಬಿಟ್ಟು ದೇಹವೆಂಬ ಹೊಲವನ್ನು ನೋಡಬೇಕಾಗಿದೆ.

ದೇಹದೊಳಗೆ ನಡೆಯುವುದೇನು?

ನಾವು ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ಮಾಂಸಖಂಡಗಳ ಒಳಗೆ ಹೋಗಲು ಬಾಗಿಲು ತೆರೆಸುವುದು ಇನ್ಸುಲಿನ್ ಎಂಬ ಹಾರ್ಮೋನು. ಪಿಸಿಓಎಸ್ ಇರುವ ಬಹಳಷ್ಟು ಹೆಣ್ಣುಮಕ್ಕಳಲ್ಲಿ ಇನ್ಸುಲಿನ್ ಎಷ್ಟು ಬಡಿದರೂ ಬಾಗಿಲು ಬೇಗ ತೆರೆಯುವುದಿಲ್ಲ. ಆಗ ದೇಹವು ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಸುತ್ತದೆ. ಹೀಗೆ ಹೆಚ್ಚಾದ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನನ್ನು ಅಗತ್ಯಕ್ಕಿಂತ ಹೆಚ್ಚು ಉತ್ಪಾದಿಸುವಂತೆ ಮಾಡುತ್ತದೆ. ಪುರುಷ ಹಾರ್ಮೋನು ಎಲ್ಲ ಹೆಣ್ಣುಮಕ್ಕಳಲ್ಲಿಯೂ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಅದು ಹೆಚ್ಚಾದಾಗ ಮುಖದ ಮೇಲೆ ಕೂದಲು, ಮಾಯದ ಮೊಡವೆ, ನೆತ್ತಿಯ ಕೂದಲು ತೆಳುವಾಗುವಿಕೆ ಕಾಣಿಸಿಕೊಳ್ಳುತ್ತವೆ.

ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಹುಟ್ಟುವುದಿಲ್ಲ. ಒಳಪದರ ದಪ್ಪವಾಗುತ್ತಲೇ ಹೋಗಿ, ಮುಟ್ಟು ಎರಡು ಮೂರು ತಿಂಗಳು ತಡೆದು, ಬಂದಾಗ ವಿಪರೀತವಾಗಿ ಬರುತ್ತದೆ. ವರ್ಷಗಟ್ಟಲೆ ಹೀಗೆಯೇ ಬಿಟ್ಟರೆ ಮುಂದೆ ಆ ಒಳಪದರದಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಹೆಚ್ಚುತ್ತದೆ. 'ಮುಟ್ಟು ಬರದಿದ್ದರೆ ಒಳ್ಳೆಯದೇ ಆಯಿತು, ತೊಂದರೆ ತಪ್ಪಿತು' ಎನ್ನುವ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ತಂದೆ ತಾಯಿಯ ಕಡೆಯಲ್ಲಿ ಸಕ್ಕರೆ ಕಾಯಿಲೆ ಅಥವಾ ಪಿಸಿಓಎಸ್ ಇದ್ದರೆ ಮಗಳಿಗೂ ಇದು ಬರುವ ಸಂಭವ ಹೆಚ್ಚು. ದಪ್ಪಗಿರುವವರಿಗಷ್ಟೇ ಇದು ಬರುತ್ತದೆ ಎಂಬುದು ಸುಳ್ಳು, ತೆಳ್ಳಗಿನವರಲ್ಲಿಯೂ ಕಾಣುತ್ತೇವೆ. ಹಾಗಾಗಿ 'ತಿಂದು ತಿಂದು ತಂದುಕೊಂಡಳು' ಎಂದು ಮಗಳನ್ನು ಹಂಗಿಸುವುದು ತಿಳಿವಳಿಕೆಯ ಮಾತೂ ಅಲ್ಲ, ಕರುಣೆಯ ಮಾತೂ ಅಲ್ಲ.

ಗುರುತಿಸುವುದು ಹೇಗೆ?

ಪಿಸಿಓಎಸ್ ಇದೆ ಎಂದು ಹೇಳಲು ಮೂರು ಸಂಗತಿಗಳಲ್ಲಿ ಎರಡಾದರೂ ಇರಬೇಕು ಎಂಬುದು 2003ರಲ್ಲಿ ರಾಟರ್‌ಡ್ಯಾಮ್ ನಗರದಲ್ಲಿ ಸೇರಿದ ತಜ್ಞರ ನಿರ್ಣಯ.

1. ಮುಟ್ಟಿನ ಅನಿಯಮಿತತೆ: ಪ್ರಾಯದ ಹೆಣ್ಣುಮಕ್ಕಳಲ್ಲಿ 35 ದಿನಗಳಿಗಿಂತ ಹೆಚ್ಚು ಅಂತರ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟು.
2. ಪುರುಷ ಹಾರ್ಮೋನಿನ ಹೆಚ್ಚಳ: ದೇಹದ ಮೇಲೆ ಕಾಣುವ ಲಕ್ಷಣಗಳಿಂದ ಅಥವಾ ರಕ್ತಪರೀಕ್ಷೆಯಿಂದ ತಿಳಿಯುವುದು.
3. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ವಿಶಿಷ್ಟ ಚಿತ್ರ.

ಇದರ ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮುಂತಾದವುಗಳ ದೋಷ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅವುಗಳಿಂದಲೂ ಮುಟ್ಟು ತಪ್ಪುತ್ತದೆ. ಅಂದರೆ ಸ್ಕ್ಯಾನಿಂಗ್ ವರದಿಯೊಂದನ್ನೇ ನೋಡಿ 'ಈಕೆಗೆ ಪಿಸಿಓಎಸ್' ಎಂದು ಹಣೆಪಟ್ಟಿ ಹಚ್ಚುವಂತಿಲ್ಲ.

ಹದಿಹರೆಯದ ಬಾಲಕಿಯರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಆ ವಯಸ್ಸಿನಲ್ಲಿ ಅಂಡಾಶಯದಲ್ಲಿ ಹೆಚ್ಚು ಕೋಶಗಳು ಕಾಣುವುದೂ ಸಹಜವೇ. ಆದ್ದರಿಂದಲೇ ಮೈನೆರೆದು ಎಂಟು ವರ್ಷ ತುಂಬುವವರೆಗೆ ಪಿಸಿಓಎಸ್ ನಿರ್ಣಯಕ್ಕೆ ಸ್ಕ್ಯಾನಿಂಗ್ ಆಧರಿಸಬಾರದು, ಮೊದಲ ಎರಡು ಸಂಗತಿಗಳೂ ಇದ್ದರೆ ಮಾತ್ರ ನಿರ್ಣಯಿಸಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಹದಿನಾಲ್ಕರ ಹುಡುಗಿಯ ವರದಿ ಹಿಡಿದು ಹೆದರುವ ತಾಯಂದಿರು ಇದನ್ನು ನೆನಪಿಡಲಿ. ಆದರೆ ಮೈನೆರೆದು ಒಂದು ವರ್ಷ ಕಳೆದ ಮೇಲೆ 90 ದಿನ ದಾಟಿಯೂ ಮುಟ್ಟಾಗದಿದ್ದರೆ ಅದನ್ನು ಸಹಜವೆಂದು ಸುಮ್ಮನಿರಬಾರದು. ಕತ್ತಿನ ಹಿಂಭಾಗ, ಕಂಕುಳುಗಳಲ್ಲಿ ಮಖಮಲ್ಲಿನಂತೆ ದಪ್ಪನಾದ ಕಪ್ಪು ಪಟ್ಟಿ ಕಂಡರೆ ಎಷ್ಟು ತಿಕ್ಕಿದರೂ ಹೋಗದು. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಾಗಿರುವುದರ ಸೂಚನೆ.

ಆಯುರ್ವೇದದ ದೃಷ್ಟಿ

ಪಿಸಿಓಎಸ್ ಎಂಬ ಒಂದೇ ಹೆಸರಿನ ರೋಗ ನಮ್ಮ ಸಂಹಿತೆಗಳಲ್ಲಿಲ್ಲ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತು ಯೋನಿವ್ಯಾಪತ್ತುಗಳ ವಿವರಣೆ ಇದೆ. ದೋಷಗಳು ಮಾರ್ಗವನ್ನು ತಡೆದಾಗ ಆರ್ತವ ನಷ್ಟವಾಗುತ್ತದೆ ಎಂದು ಸುಶ್ರುತಾಚಾರ್ಯರು ಶಾರೀರಸ್ಥಾನದಲ್ಲಿ ತಿಳಿಸಿದ್ದಾರೆ. ಕಾಶ್ಯಪ ಸಂಹಿತೆಯು ಪುಷ್ಪಘ್ನೀ ಎಂಬ ಸ್ಥಿತಿಯನ್ನು ಹೇಳುವಾಗ, ಮುಟ್ಟಾದರೂ ಫಲವಿಲ್ಲದಿರುವುದನ್ನೂ ಕೆನ್ನೆಗಳು ದಪ್ಪವಾಗಿ ರೋಮಯುಕ್ತವಾಗಿರುವುದನ್ನೂ ಒಟ್ಟಿಗೆ ಹೆಸರಿಸಿದೆ. ಎರಡೂ ಒಂದೇ ಎಂದು ನಾವು ಸಾಧಿಸಹೊರಡುವುದಿಲ್ಲ. ಆದರೆ ಮುಟ್ಟಿನ ದೋಷಕ್ಕೂ ಮೇದಸ್ಸಿನ ದೋಷಕ್ಕೂ ನಂಟಿದೆ ಎಂಬ ಆ ಅವಲೋಕನ ಗಮನಾರ್ಹವಾದುದು.

ಆಯುರ್ವೇದದ ಭಾಷೆಯಲ್ಲಿ ಹೇಳುವುದಾದರೆ, ಅಗ್ನಿ ಮಂದವಾಗಿ ಆಮ ಸಂಚಯವಾಗುತ್ತದೆ. ಕಫ ಮತ್ತು ಮೇದಸ್ಸು ಬೆಳೆದು ಆರ್ತವವಹ ಸ್ರೋತಸ್ಸುಗಳನ್ನು ಅಡ್ಡಗಟ್ಟುತ್ತವೆ. ಆರ್ತವವನ್ನು ಕೆಳಕ್ಕೆ ನಡೆಸಬೇಕಾದ ಅಪಾನವಾಯು ದಾರಿ ತಪ್ಪುತ್ತದೆ. ಆದುದರಿಂದ ಚಿಕಿತ್ಸೆಯ ಕ್ರಮವೂ ಹೀಗೆಯೇ: ಮೊದಲು ಅಗ್ನಿಯನ್ನು ಸರಿಪಡಿಸುವುದು, ಬಳಿಕ ಅಡ್ಡಿಯನ್ನು ತೆಗೆಯುವುದು, ಆಮೇಲೆ ವಾಯುವನ್ನು ಅದರ ದಾರಿಗೆ ತರುವುದು. ಈ ಕ್ರಮವನ್ನು ಬಿಟ್ಟು ನೇರವಾಗಿ ಮುಟ್ಟು ಬರಿಸುವ ಔಷಧಿಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತಿದ್ದೇವೆ.

ವೃತ್ತಿಯ ಆರಂಭದ ವರ್ಷಗಳಲ್ಲಿ ಇಪ್ಪತ್ತಾರು ವರ್ಷದ ಗೃಹಿಣಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಐದು ತಿಂಗಳಿಂದ ಮುಟ್ಟು ಇರಲಿಲ್ಲ. ಕಷಾಯ, ಗುಳಿಗೆ ಕೊಟ್ಟೆವು. ಎರಡನೆಯ ತಿಂಗಳಿಗೆ ಮುಟ್ಟಾಯಿತು. ಮನೆಯವರು ಸಂತೋಷಪಟ್ಟರು, ನಾವೂ ಬೀಗಿದೆವು. ಅವರ ಕತ್ತಿನ ಕಪ್ಪನ್ನು ಕಂಡಿದ್ದೆವು, ಅವರ ತಾಯಿಗೆ ಸಕ್ಕರೆ ಕಾಯಿಲೆ ಇದೆಯೆಂದು ಕೇಳಿದ್ದೆವು. ಆದರೆ ರಕ್ತದ ಸಕ್ಕರೆ ಪರೀಕ್ಷಿಸಲು ಹೇಳಲಿಲ್ಲ. ವರ್ಷ ಕಳೆದು ಅವರು ಗರ್ಭಿಣಿಯಾದರು. ಏಳನೆಯ ತಿಂಗಳಲ್ಲಿ ಮಗು ಉಳಿಯಲಿಲ್ಲ. ಆಗ ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಬಹಳ ಏರಿತ್ತು. ಅದೊಂದೇ ಕಾರಣ ಎಂದು ಖಚಿತವಾಗಿ ಹೇಳಲಾಗದು. ಆದರೆ ನಾವು ಮುಟ್ಟನ್ನು ನೋಡಿದೆವು, ದೇಹವನ್ನು ನೋಡಲಿಲ್ಲ ಎಂಬುದು ಖಚಿತ. ಅಂದಿನಿಂದ ಪಿಸಿಓಎಸ್ ಶಂಕೆಯಿರುವ ಯಾರೇ ಬರಲಿ, ನಾಡಿ ನೋಡುವಷ್ಟೇ ನಿಷ್ಠೆಯಿಂದ ರಕ್ತದೊತ್ತಡ, ಸೊಂಟದ ಅಳತೆ ಮತ್ತು ಸಕ್ಕರೆಯ ಪರೀಕ್ಷೆಯನ್ನು ನೋಡುತ್ತೇವೆ. ಮುಟ್ಟು ತಪ್ಪುವುದು ದೇಹ ಕೊಡುವ ಸೂಚನೆ. ಸೂಚನೆಯನ್ನು ಅಳಿಸಿದ ಮಾತ್ರಕ್ಕೆ ದೇಹ ಸರಿಹೋಗುವುದಿಲ್ಲ.

ಆಹಾರ: ನಮ್ಮ ಅಡುಗೆಮನೆಯಲ್ಲಿಯೇ ಇದೆ

ಸ್ಥೂಲರಿಗೆ 'ಗುರು' ಆದರೂ 'ಅಪತರ್ಪಣ'ವಾದ ಆಹಾರ ಕೊಡಬೇಕು ಎಂಬುದು ಚರಕಾಚಾರ್ಯರ ಸೂತ್ರ. ಹೊಟ್ಟೆಯಲ್ಲಿ ನಿಧಾನವಾಗಿ ಜೀರ್ಣವಾಗಿ ತೃಪ್ತಿ ಕೊಡಬೇಕು, ಆದರೆ ಮೈ ಬೆಳೆಸಬಾರದು ಎಂದು ಇದರ ಅರ್ಥ. ನಾರಿನಂಶದ ಬಗೆಗೆ ಇಂದಿನ ಆಹಾರತಜ್ಞರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಅದಕ್ಕಾಗಿ ಚರಕ ಸಂಹಿತೆ ಹೇಳುವ ಪಟ್ಟಿಯಲ್ಲಿ ನವಣೆ, ಸಾಮೆ, ಹಾರಕ, ಜೋಳ, ಜವೆ, ಹೆಸರು, ಹುರುಳಿ ಬರುತ್ತವೆ. ನಷ್ಟಾರ್ತವಕ್ಕೆ ಸುಶ್ರುತರು ಹೇಳಿದ ಪಥ್ಯದಲ್ಲಿಯೂ ಹುರುಳಿ, ಎಳ್ಳು ಇವೆ. ನಮ್ಮ ಅಜ್ಜಿಯರ ಊಟವೇ ಈ ಪಟ್ಟಿಯಾಗಿತ್ತು.

ತಟ್ಟೆಯನ್ನು ಹೀಗೆ ವಿಂಗಡಿಸಿಕೊಳ್ಳಿ: ಅರ್ಧ ಭಾಗ ಪಲ್ಯ, ಸೊಪ್ಪು, ಹಸಿ ತರಕಾರಿ, ಕಾಲು ಭಾಗ ಬೇಳೆ ಕಾಳು, ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ. ಒಂದು ದಿನದ ಮಾದರಿ ಕೊಡುತ್ತೇವೆ.

ಬೆಳಿಗ್ಗೆ: ಮೊಳಕೆ ಹೆಸರುಕಾಳಿನ ಉಸುಳಿ, ಅಥವಾ ತರಕಾರಿ ಹೆಚ್ಚಾಗಿ ಹಾಕಿದ ನವಣೆ ಉಪ್ಪಿಟ್ಟು.
ಮಧ್ಯಾಹ್ನ: ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಮೆಂತ್ಯ ಅಥವಾ ಹಕ್ಕರಿಕೆ ಸೊಪ್ಪು, ಸೌತೆಕಾಯಿ, ಒಂದು ಚಮಚ ಅಗಸಿ ಚಟ್ನಿಪುಡಿ, ಮಜ್ಜಿಗೆ.
ಸಂಜೆ: ಹುರಿದ ಕಡಲೆ ಒಂದು ಹಿಡಿ, ಅಥವಾ ಒಂದು ಪೇರಲ ಹಣ್ಣು.
ರಾತ್ರಿ ಎಂಟರೊಳಗೆ: ಹುರುಳಿಕಟ್ಟಿನ ಸಾರು ಅಥವಾ ಹೆಸರುಬೇಳೆ ತೊವ್ವೆ, ಪಲ್ಯ, ಒಂದು ರೊಟ್ಟಿ. ಎದೆಯುರಿ, ಪಿತ್ತದ ಪ್ರಕೃತಿ ಇದ್ದವರು ಹುರುಳಿಯನ್ನು ಮಿತವಾಗಿ ಬಳಸಬೇಕು.

ಸಿರಿಧಾನ್ಯ ಎಂದ ಮಾತ್ರಕ್ಕೆ ಅಳತೆ ಬೇಡವೆಂದಲ್ಲ. ಐದು ರೊಟ್ಟಿ ಉಂಡರೆ ಜೋಳವೂ ಹೊರೆಯೇ. ಸಿರಿಧಾನ್ಯದ ಬಿಸ್ಕತ್ತು ಕೊನೆಗೂ ಬಿಸ್ಕತ್ತೇ.

ಚಹಾದ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆ, ದಿನಕ್ಕೆ ನಾಲ್ಕು ಕಪ್ಪು ಎಂದರೆ ಸುಮಾರು 40 ಗ್ರಾಂ; ತಿಂಗಳಿಗೆ ಒಂದು ಕಿಲೋಗ್ರಾಂ ದಾಟಿತು. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ದೋಷವಿಲ್ಲ ಎಂಬುದು ಭ್ರಮೆ. ಬೆಲ್ಲದ ಬಹುಭಾಗವೂ ಸಕ್ಕರೆಯೇ. ಸೋಮವಾರದ ಉಪವಾಸವೆಂದು ಸಾಬೂದಾನಿ ಖಿಚಡಿ, ಬಾಳೆಹಣ್ಣಿನ ಶಿಕರಣಿ ಉಂಡರೆ ಅದು ಉಪವಾಸವಾಗುವುದಿಲ್ಲ. ಪಿಷ್ಟ ಮತ್ತು ಸಕ್ಕರೆಯ ಔತಣವಾಗುತ್ತದೆ. ಹಬ್ಬ, ಜಾತ್ರೆಗಳಲ್ಲಿ ಮಾದಲಿ, ಹುಗ್ಗಿಯನ್ನು ಪ್ರಸಾದವೆಂದು ಸ್ವೀಕರಿಸಿ. ಆದರೆ ಪ್ರಸಾದ ಎಂಬುದು ಅರಿವಿನಿಂದ ಉಣ್ಣುವ ತುತ್ತು, ಬೇಕಾದಷ್ಟನ್ನೇ ನೀಡಿಸಿಕೊಂಡು ಚೆಲ್ಲದೆ ಉಣ್ಣುವ ಶಿಸ್ತು ಎಂಬುದನ್ನು ಮರೆಯದಿರಿ.

ಕಾಯಕ, ನಿದ್ರೆ, ಮನಸ್ಸು

ದುಡಿಯುವ ಮಾಂಸಖಂಡಕ್ಕೆ ಸಕ್ಕರೆಯನ್ನು ಒಳಗೆ ಸೆಳೆದುಕೊಳ್ಳಲು ಇನ್ಸುಲಿನ್‌ನ ಅಗತ್ಯ ಕಡಿಮೆ. ಆದುದರಿಂದಲೇ ಪಿಸಿಓಎಸ್‌ನಲ್ಲಿ ಯಾವ ಗುಳಿಗೆಗೂ ಕಡಿಮೆಯಲ್ಲದ ಔಷಧಿ ನಡಿಗೆ. ವಾರದಲ್ಲಿ ಕನಿಷ್ಠ 150 ನಿಮಿಷ, ಅಂದರೆ ವಾರಕ್ಕೆ ಐದು ದಿನ ಅರ್ಧ ತಾಸು, ಮಾತನಾಡಲು ಆದರೂ ಹಾಡಲು ಆಗದಷ್ಟು ವೇಗದಲ್ಲಿ ನಡೆಯಬೇಕು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ಮೆಲುನಡಿಗೆ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ಬೈಠಕ್ ಹೊಡೆಯುವುದು, ಭಾರ ಎತ್ತುವುದು ಹೆಣ್ಣುಮಕ್ಕಳಿಗೆ ಸಲ್ಲದೆಂದು ತಿಳಿಯಬೇಡಿ. ಸೂರ್ಯನಮಸ್ಕಾರ, ಭುಜಂಗಾಸನ, ಧನುರಾಸನ, ಭದ್ರಾಸನಗಳನ್ನು ತಿಳಿದವರಿಂದ ಕಲಿತು ಮಾಡಬಹುದು.

'ಮನೆಗೆಲಸ ಮಾಡುತ್ತಾಳಲ್ಲ, ಅದೇ ವ್ಯಾಯಾಮ' ಎಂದು ಹೇಳುವ ಹಿರಿಯರಿದ್ದಾರೆ. ಬಾವಿಯಿಂದ ನೀರು ಸೇದಿ, ಬೀಸುಕಲ್ಲಿನಲ್ಲಿ ಹಿಟ್ಟು ಬೀಸುತ್ತಿದ್ದ ಕಾಲಕ್ಕೆ ಆ ಮಾತು ಸರಿಯಿತ್ತು. ಇಂದು ಮನೆಗೆಲಸ ದಣಿವು ಕೊಡುತ್ತದೆ, ಆದರೆ ಉಸಿರು ಏರಿಸುವಷ್ಟು ಶ್ರಮ ಕೊಡುವುದಿಲ್ಲ. ಸೊಸೆ ಬೆಳಿಗ್ಗೆ ಅರ್ಧ ತಾಸು ನಡೆದು ಬರಲಿ ಎಂದು ಆ ಹೊತ್ತಿನ ಒಲೆಯ ಮುಂದಿನ ಕೆಲಸವನ್ನು ಮನೆಯವರು ಹಂಚಿಕೊಂಡರೆ ಅದೂ ದಾಸೋಹವೇ.

ತೂಕ ಹೆಚ್ಚಿರುವವರು ಒಮ್ಮೆಲೇ ಇಪ್ಪತ್ತು ಕಿಲೋಗ್ರಾಂ ಇಳಿಸಬೇಕಾಗಿಲ್ಲ. ಇದ್ದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೂ ಹಲವರಲ್ಲಿ ಮುಟ್ಟು ದಾರಿಗೆ ಬರುತ್ತದೆ. 70 ಕಿಲೋಗ್ರಾಂ ಇದ್ದವರಿಗೆ ಅದು ಕೇವಲ ಮೂರೂವರೆ ಕಿಲೋಗ್ರಾಂ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿರುವುದು ಗುರಿಯಾಗಿರಲಿ. ತೂಕ ಇಳಿಯದಿದ್ದರೂ ನಡಿಗೆಯ ಲಾಭ ದೇಹಕ್ಕೆ ಸಲ್ಲುತ್ತದೆ. ತಕ್ಕಡಿಯ ಮುಳ್ಳು ನೋಡಿ ನಿರಾಶರಾಗಬೇಡಿ.

ರಾತ್ರಿ ಹನ್ನೊಂದು, ಹನ್ನೆರಡರವರೆಗೆ ಮೊಬೈಲ್ ಹಿಡಿದು, ಬೆಳಿಗ್ಗೆ ತಡವಾಗಿ ಏಳುವ ರೂಢಿಯೂ ಹಸಿವು ಮತ್ತು ಇನ್ಸುಲಿನ್‌ನ ಲಯವನ್ನು ಕೆಡಿಸುತ್ತದೆ. ಏಳೆಂಟು ತಾಸಿನ ನಿದ್ರೆ ಬೇಕೇ ಬೇಕು. ಬೆಳಗಿನ ಸ್ನಾನ, ಇಷ್ಟಲಿಂಗ ಪೂಜೆ, ಕೆಲ ಹೊತ್ತಿನ ಶಿವಯೋಗದಿಂದ ದಿನಕ್ಕೊಂದು ಲಯ ಸಿಗುತ್ತದೆ, ಮನಸ್ಸಿಗೆ ನಿಲುಗಡೆ ಸಿಗುತ್ತದೆ. ಪಿಸಿಓಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಮುಖದ ಕೂದಲಿಗಾಗಿ ಕಾಲೇಜು ಬಿಟ್ಟ ಹುಡುಗಿಯನ್ನು ನಾವು ಕಂಡಿದ್ದೇವೆ. ಮಗಳು ಮಂಕಾಗಿದ್ದರೆ ಪೂಜೆ ಮಾಡು ಎಂದು ಹೇಳಿ ಸುಮ್ಮನಾಗದೆ, ಕೂತು ಮಾತನಾಡಿಸಿ. ಬೇಕಾದರೆ ಮನೋವೈದ್ಯರ ನೆರವು ಪಡೆಯಿರಿ.

ಔಷಧಿಗಳ ವಿಷಯದಲ್ಲಿ ಎಚ್ಚರ

ಮೆಂತ್ಯಕಾಳು ಒಂದು ಚಮಚ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನುವುದು, ಅಡುಗೆಯಲ್ಲಿ ಚಕ್ಕೆ, ಸಬ್ಬಸಿಗೆ, ಎಳ್ಳು ಬಳಸುವುದು ಸಾಮಾನ್ಯವಾಗಿ ನಿರಪಾಯ. ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೆಂತ್ಯದ ವಿಷಯ ವೈದ್ಯರಿಗೆ ತಿಳಿಸಬೇಕು. ಎರಡೂ ಸೇರಿ ಸಕ್ಕರೆ ಅತಿಯಾಗಿ ಇಳಿಯಬಹುದು. ತ್ರಿಫಲಾ, ಕಾಂಚನಾರ ಗುಗ್ಗುಲು, ವರಣಾದಿ ಕಷಾಯ, ಶತಪುಷ್ಪಾ, ಶತಾವರಿ, ರಜಃಪ್ರವರ್ತಿನೀ ವಟಿ ಇವೆಲ್ಲ ಈ ತೊಂದರೆಯಲ್ಲಿ ವೈದ್ಯರು ಬಳಸುವ ಔಷಧಿಗಳು. ಪ್ರಕೃತಿ, ಅಗ್ನಿ, ಋತು ನೋಡಿ ಕೊಡತಕ್ಕವೇ ಹೊರತು ಹೆಸರು ಕೇಳಿ ಕೊಳ್ಳತಕ್ಕವಲ್ಲ. ಕೆಲವರಿಗೆ ವಮನ, ವಿರೇಚನ, ಬಸ್ತಿಯಂಥ ಶೋಧನ ಕರ್ಮಗಳಿಂದ ಪ್ರಯೋಜನವಾಗುತ್ತದೆ. ಅವೂ ತಜ್ಞರ ಕೈಯಲ್ಲಿಯೇ ಆಗಬೇಕು. ಈ ಚಿಕಿತ್ಸೆಗಳ ಮೇಲೆ ದೊಡ್ಡ ಪ್ರಮಾಣದ ಅಧ್ಯಯನಗಳು ಇನ್ನೂ ಆಗಬೇಕಾಗಿವೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಈ ಕೆಳಗಿನವನ್ನು ವಿಶೇಷವಾಗಿ ಗಮನಿಸಿ.

1. ಮುಟ್ಟು ತಪ್ಪಿದ ವಿವಾಹಿತೆಯರು ಯಾವುದೇ ಔಷಧಿಗೆ ಮುನ್ನ ಗರ್ಭಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ಬರಿಸುವ ಔಷಧಿಗಳನ್ನು ಗರ್ಭಿಣಿಯರು ಸೇವಿಸಕೂಡದು.
2. ಹೆಣ್ಣುಮಕ್ಕಳ ಎಲ್ಲ ತೊಂದರೆಗೂ ಅಶೋಕಾರಿಷ್ಟ ಎಂಬ ರೂಢಿ ತಪ್ಪು. ಅದು ಮುಖ್ಯವಾಗಿ ಅತಿಸ್ರಾವಕ್ಕೆ ಹೇಳಿದ ಔಷಧಿ. ಅರಿಷ್ಟಗಳಲ್ಲಿ ಬೆಲ್ಲದ ಅಂಶವೂ ಇರುತ್ತದೆ.
3. ಮೂರು ತಿಂಗಳಲ್ಲಿ ಗುಳ್ಳೆ ಮಾಯ ಎಂಬ ಜಾಹೀರಾತು ನಂಬಬೇಡಿ. ಘಟಕದ್ರವ್ಯಗಳ ಹೆಸರಿಲ್ಲದ ಪುಡಿ, ಗುಳಿಗೆಗಳನ್ನು ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ.
4. ಸ್ತ್ರೀರೋಗ ತಜ್ಞರು ಬರೆದ ಮೆಟ್‌ಫಾರ್ಮಿನ್ ಅಥವಾ ಹಾರ್ಮೋನು ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬೇಡಿ. ಹಾರ್ಮೋನು ಮಾತ್ರೆ ಗರ್ಭಕೋಶದ ಒಳಪದರವನ್ನು ಕಾಪಾಡಲೂ ಬೇಕಾಗುತ್ತದೆ. ಆಯುರ್ವೇದ ಮತ್ತು ಆಧುನಿಕ ವೈದ್ಯ ಎರಡೂ ರೋಗಿಯ ಹಿತಕ್ಕಾಗಿಯೇ ಇವೆ.

90 ದಿನ ದಾಟಿಯೂ ಮುಟ್ಟಾಗದಿದ್ದರೆ, ಎಂಟು ದಿನ ಕಳೆದರೂ ಸ್ರಾವ ನಿಲ್ಲದಿದ್ದರೆ, ತಾಸಿಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಕೆಲವೇ ತಿಂಗಳಲ್ಲಿ ದನಿ ಗಡುಸಾಗಿ ಮುಖದ ಕೂದಲು ವೇಗವಾಗಿ ಬೆಳೆದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಪಿಸಿಓಎಸ್ ಇರುವ ಎಲ್ಲರೂ ರೋಗ ತಿಳಿದಾಗಲೊಮ್ಮೆ, ಬಳಿಕ ಒಂದರಿಂದ ಮೂರು ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಗರ್ಭಧಾರಣೆಗೆ ಮುನ್ನ ಅದು ಕಡ್ಡಾಯವೆಂದೇ ತಿಳಿಯಿರಿ.

ಮದುವೆ ಮತ್ತು ಮಕ್ಕಳು

ಪಿಸಿಓಎಸ್ ಎಂದರೆ ಬಂಜೆತನವಲ್ಲ. ಅಂಡ ಕೆಲವು ತಿಂಗಳು ಬಿಡುಗಡೆಯಾಗುವುದಿಲ್ಲ ಎಂದಷ್ಟೇ ಅರ್ಥ. ಹಲವರು ಸಹಜವಾಗಿಯೇ ತಾಯಂದಿರಾಗುತ್ತಾರೆ. ಬೇಕಾದವರಿಗೆ ಅಂಡ ಬಿಡುಗಡೆಗೆ ನೆರವಾಗುವ ಲೆಟ್ರೋಜೋಲ್‌ನಂಥ ಪರಿಣಾಮಕಾರಿ ಔಷಧಿಗಳಿವೆ. ಮುಟ್ಟು ಬಾರದ ತಿಂಗಳಲ್ಲಿಯೂ ಅಂಡ ಬಿಡುಗಡೆಯಾಗಬಹುದು, ಹಾಗಾಗಿ ಮಗು ಬೇಡವಾದವರೂ ಎಚ್ಚರದಿಂದಿರಬೇಕು.

ಗರ್ಭಕ್ಕೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕೂ ಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಬೀಜ ಎಂಬಲ್ಲಿ ಗಂಡಿನ ಪಾಲೂ ಇದೆ. ಮದುವೆಯಾಗಿ ಆರು ವರ್ಷ ಮಕ್ಕಳಾಗದೆ, ಪಿಸಿಓಎಸ್ ಎಂಬ ಹೆಸರಿನಡಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ಹೆಣ್ಣುಮಗಳೊಬ್ಬಳು ನಮ್ಮಲ್ಲಿಗೆ ಬಂದಿದ್ದಳು. ಮನೆಯಲ್ಲಿ ಎರಡನೆಯ ಮದುವೆಯ ಮಾತು ನಡೆದಿತ್ತು. ಗಂಡನ ಪರೀಕ್ಷೆ ಆಗಿದೆಯೇ ಎಂದು ಕೇಳಿದೆವು. ಆರು ವರ್ಷದಲ್ಲಿ ಒಮ್ಮೆಯೂ ಆಗಿರಲಿಲ್ಲ. ಮಾಡಿಸಿದಾಗ ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆಯಿತ್ತು. ಇಬ್ಬರಿಗೂ ಚಿಕಿತ್ಸೆ ಬೇಕಾಗಿತ್ತು; ದೂರು ಮಾತ್ರ ಒಬ್ಬಳ ಮೇಲಿತ್ತು. ಹೆಣ್ಣು ಗಂಡು ಎಂಬ ಭೇದವೆಣಿಸದ ಶರಣರ ಹೆಸರು ಹೇಳುವ ಮನೆಗಳಲ್ಲಿ ಇದು ನಡೆಯಬಾರದು.

ಇಂದಿನಿಂದ ಮಾಡಬಹುದಾದದ್ದು

ಒಂದು ಸಣ್ಣ ನೋಟುಬುಕ್ಕಿನಲ್ಲಿ, ಅಥವಾ ಗೋಡೆಯ ಕ್ಯಾಲೆಂಡರಿನಲ್ಲಿಯೇ ಆಗಲಿ, ಮುಟ್ಟಾದ ಮೊದಲ ದಿನವನ್ನು ಗುರುತು ಹಾಕಲು ಮಗಳಿಗೆ ಕಲಿಸಿರಿ. ಎಷ್ಟು ದಿನ ಇತ್ತು, ಸ್ರಾವ ಹೇಗಿತ್ತು ಎಂದು ಒಂದು ಸಾಲು ಬರೆಯಲಿ. ವೈದ್ಯರ ಮುಂದೆ ಆರು ತಿಂಗಳ ಆ ಬರಹ ಬಹಳಷ್ಟು ಹೇಳುತ್ತದೆ. ಆಹಾರ ಮತ್ತು ನಡಿಗೆಯ ಫಲ ಎಂಟು ದಿನಕ್ಕೆ ಕಾಣುವುದಿಲ್ಲ. ಮೂರರಿಂದ ಆರು ತಿಂಗಳಾದರೂ ತಾಳ್ಮೆ ಬೇಕು. ಪಿಸಿಓಎಸ್ ಬೇರು ಸಹಿತ ಕಿತ್ತು ಹೋಗುವ ರೋಗವಲ್ಲ, ಆದರೆ ಶಿಸ್ತಿನ ಬದುಕಿಗೆ ಬಹುಮಟ್ಟಿಗೆ ಬಗ್ಗುವ ರೋಗ. ಮನೆಯ ಎಲ್ಲರೂ ಅದೇ ಊಟ ಉಂಡು ಅದೇ ದಾರಿಯಲ್ಲಿ ನಡೆದರೆ ಮಗಳಿಗೆ ಅದು ಶಿಕ್ಷೆ ಎನಿಸುವುದಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೂ ಹಿತ.

ಮೊದಲು ಹೇಳಿದ ತಾಯಿಗೆ ನಾವು ಕೊಟ್ಟ ಉತ್ತರ ಇಷ್ಟು: "ತಾಯಿ, ಬೀಗರಿಗೆ ಹೇಳುವುದು ಬಿಡುವುದು ಆಮೇಲಿನ ಮಾತು, ಅದನ್ನು ಮಗಳೇ ನಿರ್ಧರಿಸಲಿ. ಮುಚ್ಚಿಟ್ಟು ಕಟ್ಟಿದ ಸಂಬಂಧಕ್ಕಿಂತ ತಿಳಿಸಿ ಕಟ್ಟಿದ ಸಂಬಂಧ ಗಟ್ಟಿ ಎಂಬುದು ನಮ್ಮ ಅನುಭವ. ಆದರೆ ಮೊದಲು ನಿಮ್ಮ ಮಗಳೊಂದಿಗೆ ನೀವು ಮಾತನಾಡಿ." ಆ ಹುಡುಗಿ ಆಗ ಮೊದಲ ಬಾರಿಗೆ ತಲೆಯೆತ್ತಿ ತನ್ನ ತೊಂದರೆಯನ್ನು ತಾನೇ ಹೇಳತೊಡಗಿದಳು. ಅರ್ಧ ತಾಸು ಹೇಳಿದಳು. ತಾಯಿಗೆ ಅದರಲ್ಲಿ ಮುಕ್ಕಾಲು ಪಾಲು ಹೊಸದಾಗಿತ್ತು.

ಈ ಸಂಚಿಕೆಯನ್ನು ಓದಿದ ಮೇಲೆ ಪ್ರತಿ ಮನೆಯಲ್ಲಿ ಅಂಥ ಒಂದು ಮಾತುಕತೆ ನಡೆದರೆ ನಮ್ಮ ಬರವಣಿಗೆ ಸಾರ್ಥಕ.